ನೋಟದ ಋಣ

ದೇಶಾಟನವು ಚಾತುರ್ಯಕ್ಕೆ ಮೂಲವಾದ ಸಾಧನಗಳಲ್ಲೊಂದೆಂದು ಸುಭಾಷಿತಕಾರರು ಎಣಿಸಿರುವರು. ಊರಿಂದೂರಿಗೆ ಹೋಗಿ, ಬೆಟ್ಟಗುಡ್ಡಗಳನ್ನೂ ಕೆರೆತೊರೆಗಳನ್ನೂ ಪೂರ್ವಿಕರು ಕಟ್ಟಿದ ಗುಡಿಗಳನ್ನೂ ಕಣ್ಣಾರೆ ಕಂಡುಬಂದವನ ಬುದ್ಧಿಯು ವಿಶಾಲವಾಗುವುದೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ನೋಡಿದವನಿಗೆ ಲಾಭವುಂಟೆಂದು ಹೇಳಿದವರು ಬಹುಮಂದಿಯಾದರೂ, ನೋಡಿದುದರಿಂದ ಅವನ ಮೇಲೆ ಯಾವುದಾದರೊಂದು ಹೊಣೆಯೂ ಬೀಳುವುದೆ ಎಂದು ಕೇಳಿದವರು ವಿರಳ. ಸುಂದರವಾದ ವಸ್ತುವೊಂದನ್ನು ಕಂಡು ಹಿಗ್ಗುವವನು, ಆ ಸೌಂದರ್ಯದ ಬುಡದಲ್ಲಿ ಮತ್ತೊಬ್ಬನ ನೋವು ಹುದುಗಿರುವುದೆಂದು ತಿಳಿದಾಗ ಏನು ಮಾಡಬೇಕು? ಆ ನೋವಿಗೂ ಅವನಿಗೂ ಸಂಬಂಧವುಂಟೆ, ಇಲ್ಲವೆ? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಬರಿಯ ತರ್ಕದಿಂದ ಹೊರಟರೆ ಇಂಥ ವಿಚಾರವು ಗಾಳಿಯಲ್ಲಿ ತೇಲಿಹೋಗುವುದಾದುದರಿಂದ, ಚಿಕ್ಕಮಗಳೂರು ಜಿಲ್ಲೆಯ ಒಂದು ದಿನದ ದಾರಿಯನ್ನೇ ಉದಾಹರಣೆಯಾಗಿ ಹಿಡಿಯುವುದು ಲೇಸು.

ಸಖರಾಯಪಟ್ಟಣದಿಂದ ಬೆಳಗಿನ ತಂಪಿನಲ್ಲಿ ಬೈಸಿಕಲ್ಲನ್ನೇರಿ ಹೊರಟ ಒಬ್ಬ ಪಥಿಕನನ್ನು ವಾಚಕರು ಭಾವಿಸಿಕೊಳ್ಳಬಹುದು. ಅವನು ಮೊದಲು ಬೆಟ್ಟದ ಕಡೆಗೆ ತಿರುಗಿ ಅಯ್ಯನಕೆರೆಯನ್ನು ನೋಡುವನು. ಬಳಿಕ ಹಿಂದಿರುಗಿ ಕಡೂರಿನ ದಾರಿಯನ್ನು ಹಿಡಿದು, ಬೀರೂರನ್ನು ಹಾದು, ತರೀಕೆರೆಯನ್ನು ಸೇರಿ, ಹೊತ್ತು ಮುಳುಗುವುದಕ್ಕೆ ಮುಂಚೆ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಮುಟ್ಟುವನು. ಎಲ್ಲವೂ ಸೇರಿ ಸುಮಾರು 70–80 ಕಿಲೋಮೀಟರುಗಳ ದಾರಿ. ಕಾಲಿನಲ್ಲಿ ಕಸುವಿದ್ದವನಿಗೆ ಇದು ಒಂದು ದಿನದ ಹದವಾದ ಕೆಲಸ. ಈ ದಾರಿಯಲ್ಲಿ ಮಲೆನಾಡೂ ಬಯಲುಸೀಮೆಯೂ ಒಂದನ್ನೊಂದು ಸಂಧಿಸುವುವು. ಒಂದು ಪಕ್ಕಕ್ಕೆ ಬಾಬಾಬುಡನ್ ಗಿರಿಶ್ರೇಣಿಯೂ, ಅದರಲ್ಲಿ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಇರುವುವು; ಇನ್ನೊಂದು ಪಕ್ಕಕ್ಕೆ ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಹಿಂದೆ ಅಮೃತಮಹಲಿನ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳೂ ಇರುವುವು. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನ ದೇವನೂರು ಇದೇ ಕಡೂರು ತಾಲ್ಲೂಕಿಗೆ ಸೇರಿದುದು. ತರೀಕೆರೆಯ ಏರಿಯಂತೂ ಮಕ್ಕಳ ನಾಲಗೆಯ ತೊಡಕಿನಾಟದ ಮೂಲಕ ಕನ್ನಡನಾಡಿನ ಮನೆಮನೆಗೂ ಪರಿಚಿತವಾಗಿರುವುದು.

ಇಂಥ ದಾರಿಗೆ ಬೈಸಿಕಲ್ಲು ಬಹಳ ಅನುಕೂಲವಾದ ವಾಹನ. ಕಾಲ್ನಡಿಗೆಯವನು ಒಂದು ದಿನದಲ್ಲಿ ಇಷ್ಟು ದೂರ ಹೋಗಲಾರನು. ಮೋಟಾರಿನವನು ಹೋಗುವನು, ಆದರೆ ಅವನಿಗೆ ಏರೆಂದರೇನು ಇಳಿಜಾರೆಂದರೇನು ಎಂಬುದು ತಿಳಿಯದು. ತುಳಿಯುವವನಿಗೆ ನೆಲದ ಉಬ್ಬುತಗ್ಗುಗಳೆಲ್ಲ ಮೊಣಕಾಲಿನಿಂದಲೇ ಅರ್ಥವಾಗುವುವು. ಅದಕ್ಕಿಂತ ಮುಖ್ಯವಾಗಿ, ಅವನು ಬೇಕೆಂದ ಕಡೆಯಲ್ಲಿ ಇಳಿಯಬಲ್ಲನು. ಈ ವಾಹನದ ಪೂರ್ವರೂಪವನ್ನು ನಿರ್ಮಿಸಿದವನು ಜರ್ಮನಿಯ ಕಾರ್ಲ್ ಡ್ರೈಸ್. 1817ನೆಯ ಇಸವಿಯ ಜೂನ್ ತಿಂಗಳಲ್ಲಿ ಅವನು ಮಾನ್‌ಹೈಮ್ ಎಂಬ ಪಟ್ಟಣದಿಂದ, ತುಳಿಗಾಲುಗಳಿಲ್ಲದ ಮರದ ಎರಡು ಚಕ್ರಗಳ ಬಂಡಿಯ ಮೇಲೆ ಕುಳಿತು, ಪಾದಗಳಿಂದ ನೆಲವನ್ನು ಒದೆಯುತ್ತ ಸಾಗಿದನು. 1815ರಲ್ಲಿ ತಂಬೋರಾ ಎಂಬ ಅಗ್ನಿಪರ್ವತವು ಸಿಡಿದುದರ ಫಲವಾಗಿ ಮರುವರ್ಷ ಯುರೋಪಿನಲ್ಲಿ ಬೇಸಗೆಯೇ ಬಾರದೆ, ಬೆಳೆ ಕೆಟ್ಟು, ಕುದುರೆಗಳಿಗೆ ಮೇವು ದುರ್ಲಭವಾದುದೇ ಈ ಯತ್ನಕ್ಕೆ ಪ್ರೇರಣೆಯಾಗಿರಬಹುದೆಂದು ಕೆಲವು ಚರಿತ್ರಕಾರರ ಊಹೆ. ಅದು ನಿಜವಾದರೆ, ಇಂದು ವಿಹಾರಕ್ಕೆ ಒದಗುವ ಈ ವಾಹನದ ಹುಟ್ಟಿನಲ್ಲಿಯೂ ಒಂದು ಕ್ಷಾಮದ ನೆನಪಿರುವುದೆಂದಾಯಿತು.

ಇನ್ನು ಪ್ರಕೃತವಾದ ಕೆರೆಯ ವಿಷಯ. ಬಾಬಾಬುಡನ್ ಬೆಟ್ಟಗಳ ಪೂರ್ವದ ಮಗ್ಗುಲಿನಲ್ಲಿ ಹುಟ್ಟುವ ಗೌರಿಹಳ್ಳವು ಬಂದು ಅಯ್ಯನಕೆರೆಯನ್ನು ತುಂಬಿಸಿ, ಅಲ್ಲಿಂದ ವೇದಾ ಎಂಬ ಹೆಸರಿನಿಂದ ಹೊರಡುವುದು. ಹಾಗೆಯೇ ಆವತಿ ಎಂಬ ತೊರೆಯು ಮದಗದ ಕೆರೆಗೆ ನೀರೊದಗಿಸುವುದು. ಕಡೂರಿನ ಸಮೀಪದಲ್ಲಿ ಇವೆರಡೂ ಕೂಡಿ ವೇದಾವತಿಯಾಗಿ ಚಿತ್ರದುರ್ಗದ ಸೀಮೆಗೆ ಇಳಿದು, 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯ ಹಿಂದೆ ವಾಣೀವಿಲಾಸಸಾಗರವಾಗಿ ನಿಲ್ಲುವುವು. ಆದುದರಿಂದ ಅಯ್ಯನಕೆರೆಯ ಏರಿಯ ಮೇಲೆ ನಿಂತವನು ಒಂದು ಊರಿನ ನೀರನ್ನಲ್ಲ, ಒಂದು ನದಿಯ ಬಾಲ್ಯವನ್ನೇ ನೋಡುತ್ತಿರುವನು. ಮುಂದೆ ವಿಸ್ತಾರವಾದ ನೀರು, ಹಿಂದೆ ಶಕುನಗಿರಿ, ಬುಡದಲ್ಲಿ ಅಚ್ಚುಕಟ್ಟಿನ ಹಸುರು. ಇದನ್ನು ಕಂಡು ಸಂತೋಷಪಡದವನು ಕಲ್ಲೆದೆಯವನೇ ಸರಿ.

ಆದರೆ ಈ ಕೆರೆಯನ್ನು ಕುರಿತು ಜನರ ಬಾಯಲ್ಲಿ ಒಂದು ಕಥೆ ಉಳಿದಿರುವುದು. ಕೆರೆಗೆ ಒಬ್ಬ ನೀರಗಂಟಿಯಿದ್ದನು. ತೂಬನ್ನು ತೆಗೆದು ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರನ್ನು ಹಾಯಿಸುವುದು, ಮಳೆಗಾಲದಲ್ಲಿ ಏರಿಯನ್ನೂ ಕೋಡಿಯನ್ನೂ ಕಾಯುವುದು ಅವನ ಕೆಲಸ. ಒಂದು ರಾತ್ರಿ ಕೆರೆಯ ಅಧಿದೇವತೆಯು ಅವನಿಗೆ ಕಾಣಿಸಿಕೊಂಡು, ತಾನು ಏರಿಯನ್ನು ಒಡೆದುಕೊಂಡು ಹೊರಡುವೆನೆಂದು ತಿಳಿಸಿದಳು. ಅವನು ಕೈಮುಗಿದು, "ತಾಯೀ, ಪಟ್ಟಣಕ್ಕೆ ಹೋಗಿ ದೊರೆಯ ಅಪ್ಪಣೆಯನ್ನು ಪಡೆದು ಬರುವೆನು, ನಾನು ಹಿಂದಿರುಗುವವರೆಗೆ ತಡೆ" ಎಂದು ಬೇಡಿದನು. ಅವಳು ಹಾಗೆಯೇ ಆಗಲೆಂದು ಮಾತುಕೊಟ್ಟಳು. ನೀರಗಂಟಿಯು ಓಡಿಹೋಗಿ ದೊರೆಗೆ ವಿಷಯವನ್ನು ಬಿನ್ನವಿಸಿದನು. ದೊರೆಯು ಆಲೋಚಿಸಿದನು: ಈತನು ಹಿಂದಿರುಗುವವರೆಗೆ ತಾನೆ ಕೆರೆ ನಿಲ್ಲುವುದು? ಹಿಂದಿರುಗದೆಯೇ ಹೋದರೆ? ಅವನನ್ನು ಅಲ್ಲಿಯೇ ಕೊಲ್ಲಿಸಿದನು. ದೇವತೆಯು ಕೊಟ್ಟ ಮಾತಿಗೆ ಕಟ್ಟುಬಿದ್ದು ಇಂದಿಗೂ ಕಾದಿರುವಳಂತೆ. ಕೆರೆಯು ಇಂದಿಗೂ ನಿಂತಿರುವುದಂತೆ.

ಈಗ ಸಂಶಯವು ಸ್ಪಷ್ಟವಾಯಿತು. ಏರಿಯ ಮೇಲೆ ನಿಂತ ಪಥಿಕನ ಸಂತೋಷವು ನಿರ್ದೋಷವಾದುದೆ, ಅಲ್ಲವೆ?

ನಿರ್ದೋಷವೆಂಬವರ ಪಕ್ಷವು ಹೀಗೆ. ಕರ್ಮವು ಕರ್ತೃವನ್ನೇ ಅಂಟುವುದು. ಕೊಲ್ಲಿಸಿದವನು ದೊರೆ, ಸತ್ತವನು ನೀರಗಂಟಿ. ಎಷ್ಟೋ ಶತಮಾನಗಳ ಮೇಲೆ ಬಂದು ನೀರನ್ನು ನೋಡಿದವನಿಗೆ ಯಾವ ಲೇಪವೂ ಇಲ್ಲ. ಹೀಗೆ ಬೇರನ್ನು ಕೆದಕುತ್ತ ಹೋದರೆ ಲೋಕದಲ್ಲಿ ಶುದ್ಧವಾದ ಸುಖವೆಂಬುದೇ ಉಳಿಯಲಾರದು. ಯಾವ ಕೋಟೆಯ ಕಲ್ಲನ್ನು ಎತ್ತಿದರೂ ಅದರಡಿಯಲ್ಲಿ ಬಿಟ್ಟಿಯಾಳಿನ ಬೆವರಿರುವುದು. ಅಲ್ಲದೆ ಇದು ಕೇವಲ ಕಥೆ. ಕನ್ನಡನಾಡಿನ ಹಲವು ಕೆರೆಗಳ ಏರಿಗಳಲ್ಲಿ ಬಲಿಯ ಕಥೆಗಳಿರುವುವು. ಅವನ್ನೆಲ್ಲ ನಂಬಿ ದುಃಖಿಸುವುದು ಅವಿವೇಕ.

ಇದಕ್ಕೆ ವಿರುದ್ಧವಾದ ಪಕ್ಷವೂ ಒಂದುಂಟು. ಕೊಲೆಯಿಂದ ಉಳಿದ ಕೆರೆಯು ಕೊಲೆಯ ಫಲ. ಫಲವನ್ನು ಉಂಡವನು ಕೃತ್ಯವನ್ನು ಅನುಮೋದಿಸಿದಂತೆಯೇ. ಆದುದರಿಂದ ಸಾಧುವಾದವನು ಅಂಥದನ್ನು ನೋಡಿ ನಲಿಯಬಾರದು, ಮುಖ ತಿರುಗಿಸಬೇಕು, ಎಂದು ಇವರು ಹೇಳುವರು.

ಎರಡನೆಯ ಪಕ್ಷವನ್ನು ಮೊದಲು ಪರಿಹರಿಸುವುದು ಸುಲಭ. ಮುಖ ತಿರುಗಿಸುವುದು ವಿಹಾರಿಗೆ ಸಾಧ್ಯವಾದೀತು. ಅದೇ ನೀರಿನಿಂದ ಗದ್ದೆ ಮಾಡುವ ಒಕ್ಕಲಿಗನಿಗೆ ಸಾಧ್ಯವಲ್ಲ. ಒಬ್ಬನಿಗೆ ಮಾತ್ರ ಸಾಧ್ಯವಾಗುವ ಆ ಶುಚಿತ್ವವು ಧರ್ಮವಲ್ಲ, ಬರಿಯ ಮಡಿವಂತಿಕೆ. ಮತ್ತು ನೀರಗಂಟಿಯು ಓಡಿದುದಾದರೂ ಯಾತಕ್ಕೆ? ಕೆರೆಯು ಉಳಿಯಲೆಂದು. ಅವನು ಉಳಿಸಬೇಕೆಂದಿದ್ದುದನ್ನೇ ಧಿಕ್ಕರಿಸಿದರೆ ಅವನಿಗೆ ಎರಡನೆಯ ಅನ್ಯಾಯವನ್ನು ಮಾಡಿದಂತಾಗುವುದು.

ಮೊದಲನೆಯ ಪಕ್ಷವು ಇಷ್ಟು ಹಗುರವಾದುದಲ್ಲ. ಅದನ್ನು ವಿಚಾರಿಸುವುದಕ್ಕೆ ಮುಂಚೆ ದೊರೆಯ ಕೃತ್ಯವನ್ನು ತೂಗಿ ನೋಡಬೇಕು. ಕುಲದ ಹಿತಕ್ಕಾಗಿ ಒಬ್ಬನನ್ನೂ, ಗ್ರಾಮದ ಹಿತಕ್ಕಾಗಿ ಕುಲವನ್ನೂ ತ್ಯಜಿಸಬಹುದೆಂದು ನೀತಿಕಾರರು ಹೇಳಿರುವುದು ಪ್ರಸಿದ್ಧವಾಗಿದೆ. ದೊರೆಯು ಅದನ್ನೇ ನೆನೆದಿರಬಹುದು. ಕೆರೆ ಒಡೆದರೆ ಕೆಳಗಿನ ಹಳ್ಳಿಗಳು ಕೊಚ್ಚಿಹೋಗುವುವು. ಒಂದು ಪ್ರಾಣದ ಬೆಲೆಗೆ ಸಾವಿರ ಪ್ರಾಣಗಳು ಉಳಿದುವಲ್ಲ! ಆದರೆ ತ್ಯಾಗವೆಂಬ ಶಬ್ದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ತನ್ನದನ್ನು ತಾನು ಬಿಟ್ಟರೆ ತ್ಯಾಗ. ನಾಗಾನಂದದ ಜೀಮೂತವಾಹನನು ಶಂಖಚೂಡನಿಗೆ ಬದಲಾಗಿ ತನ್ನ ದೇಹವನ್ನೇ ಗರುಡನಿಗೆ ಒಪ್ಪಿಸಿದನು; ಅದು ತ್ಯಾಗ. ಕೆರೆಗೆ ಹಾರವಾದ ಜನಪದಗೀತೆಯ ಭಾಗೀರಥಿಯನ್ನು ಮನೆಯವರು ಗೊತ್ತುಮಾಡಿದರು. ಅವಳಾದರೋ ಅದನ್ನು ಅರಿತು, ತಾನಾಗಿ ಮೆಟ್ಟಿಲಿಳಿದಳು. ಅಲ್ಲಿ ಅವಳ ಪಾಲಿನದು ತ್ಯಾಗ, ಮನೆಯವರ ಪಾಲಿನದು ಬೇರೆ. ನೀರಗಂಟಿಯಾದರೋ ಯಾವುದಕ್ಕೂ ಒಪ್ಪಿದವನಲ್ಲ. ಒಪ್ಪುವೆಯಾ ಎಂದು ಅವನನ್ನು ಯಾರೂ ಕೇಳಲೂ ಇಲ್ಲ. ಕೇಳಿದ್ದರೆ ಅವನು ಒಪ್ಪುತ್ತಿದ್ದನೋ ಏನೋ. ಆ ಒಂದು ಪ್ರಶ್ನೆಯನ್ನು ಕೇಳದೆ ಹೋದುದರಿಂದಲೇ ತ್ಯಾಗವಾಗಬಹುದಾಗಿದ್ದುದು ಹತ್ಯೆಯಾಯಿತು.

ಇನ್ನೂ ಒಂದು ಮಾತುಂಟು. ದೇವತೆಯು ಮಾತಿಗೆ ತಪ್ಪುವವಳಲ್ಲವೆಂಬ ನಂಬಿಕೆಯಿಂದಲೇ ದೊರೆಯ ಉಪಾಯವು ಫಲಿಸಬೇಕು. ಅವಳು ಸುಳ್ಳಾಡುವವಳಾಗಿದ್ದರೆ ಕೊಲೆಯು ವ್ಯರ್ಥ. ಎಂದರೆ, ಒಬ್ಬಳ ಸತ್ಯವನ್ನು ಆಧಾರವಾಗಿಟ್ಟುಕೊಂಡು ದೊರೆಯು ತನ್ನನ್ನು ನಂಬಿ ಬಂದವನಿಗೆ ದ್ರೋಹವನ್ನೆಸಗಿದನು. ಸಖರಾಯಪಟ್ಟಣವು ರುಕ್ಮಾಂಗದನ ರಾಜಧಾನಿಯಾಗಿತ್ತೆಂದೂ, ಕೆರೆಯನ್ನು ಕಟ್ಟಿಸಿದವನು ಅವನೇ ಎಂದೂ ಪ್ರತೀತಿಯುಂಟು. ಆ ರುಕ್ಮಾಂಗದನ ಪುರಾಣಕಥೆಯನ್ನು ಎಲ್ಲರೂ ಬಲ್ಲರು: ಏಕಾದಶೀವ್ರತವನ್ನು ಬಿಡು, ಇಲ್ಲವಾದರೆ ಮಗನ ತಲೆಯನ್ನು ಕಡಿ ಎಂದು ಮೋಹಿನಿಯು ಹಟಹಿಡಿದಾಗ, ಅರಸನು ವ್ರತವನ್ನು ಬಿಡಲಾರದೆ ಧರ್ಮಾಂಗದನ ಮೇಲೆ ಕತ್ತಿಯನ್ನೆತ್ತಿದನು; ಮಗನು ಒಪ್ಪಿ ತಲೆಯೊಡ್ಡಿದನು; ಆಗ ವಿಷ್ಣುವು ಪ್ರತ್ಯಕ್ಷನಾಗಿ ತಡೆದನು. ನೀರಗಂಟಿಯ ಕಥೆಯ ದೊರೆ ಯಾರೇ ಆಗಿರಲಿ, ಒಂದೇ ಊರಿನಲ್ಲಿ ಎರಡು ಕಥೆಗಳೂ ಉಳಿದಿರುವುದು ಚಿಂತನೀಯ. ಅರಸುಮಗನ ಕೊರಳಿಗೆ ಬಂದ ಕತ್ತಿಯನ್ನು ದೇವರು ಹಿಡಿದನು. ಆಳಿನ ಕೊರಳಿಗೆ ಬಂದುದನ್ನು ಯಾರೂ ಹಿಡಿಯಲಿಲ್ಲ. ಕಥೆಯನ್ನು ಕಟ್ಟಿದ ಜನರು ಇದನ್ನು ಕಾಣದವರೆಂದು ಭಾವಿಸಬೇಕಾದುದಿಲ್ಲ.

ಇದರಿಂದಲೇ "ಇದು ಕೇವಲ ಕಥೆ" ಎಂಬ ಆಕ್ಷೇಪಕ್ಕೂ ಸಮಾಧಾನವು ದೊರೆಯುವುದು. ಕೆರೆಯನ್ನು ಹೊಗಳುವುದಕ್ಕೆ ಇಂಥ ಕಥೆ ಬೇಕಾಗಿರಲಿಲ್ಲ. ತಾವು ಕುಡಿಯುವ ನೀರಿನ ಮೇಲೆ ತಾವೇ ಅಪವಾದವನ್ನು ಹೊರಿಸಿಕೊಂಡು, ಅದನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದ ಜನರಿಗೆ ಏನೋ ಒಂದು ಕಾರಣವಿದ್ದಿರಬೇಕು. ಇಂಥ ಕೆರೆಗಳು ಎಷ್ಟು ಮಂದಿಯ ಪ್ರಾಣವನ್ನು ತೆಗೆದುಕೊಂಡು ನಿಂತುವೆಂಬುದನ್ನು ಅವರು ಬಲ್ಲರು. ನೀರಗಂಟಿಯು ಚರಿತ್ರೆಯಲ್ಲಿ ಒಬ್ಬನಾಗಿರಲಿ ಇಲ್ಲದಿರಲಿ, ಅವನಂಥವರು ಇದ್ದೇ ಇದ್ದರು.

ಇನ್ನು ಉಳಿದುದು ಲೇಪದ ಪ್ರಶ್ನೆ. ಪೂರ್ವಪಕ್ಷದವರು ಪಾಪವನ್ನೂ ಋಣವನ್ನೂ ಒಂದಾಗಿ ಎಣಿಸಿದರು, ತೊಡಕೆಲ್ಲ ಅಲ್ಲಿರುವುದು. ಪಾಪವು ಕರ್ತೃವಿನದೆಂಬುದು ದಿಟ. ದೊರೆಯ ಪಾಪದಲ್ಲಿ ಪಥಿಕನಿಗೆ ಕೂದಲೆಳೆಯಷ್ಟೂ ಪಾಲಿಲ್ಲ. ಆದರೆ ಋಣವು ಹಾಗಲ್ಲ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಹೊತ್ತೇ ಹುಟ್ಟುವುದನ್ನು ವೇದವೇ ಹೇಳಿರುವುದು. ಹುಟ್ಟುವ ಶಿಶುವು ಯಾವ ತಪ್ಪನ್ನು ಮಾಡಿತ್ತು? ಏನೂ ಇಲ್ಲ. ತಾನು ಗಳಿಸದುದನ್ನು ಪಡೆದುದರಿಂದಲೇ ಅದು ಋಣಿಯಾಯಿತು. ಋಣಕ್ಕೆ ಅಪರಾಧವು ಕಾರಣವಲ್ಲ, ಪ್ರತಿಗ್ರಹವು ಕಾರಣ. ಏರಿಯ ಮೇಲೆ ನಿಂತು ಕಣ್ತುಂಬ ನೋಡಿದವನು ಒಂದನ್ನು ಪಡೆದಿರುವನು. ಅದನ್ನು ಅವನು ಕಟ್ಟಲಿಲ್ಲ, ಕಾಯಲಿಲ್ಲ, ಅದಕ್ಕಾಗಿ ಸಾಯಲಿಲ್ಲ. ಆದುದರಿಂದ ಅವನು ದೋಷಿಯಲ್ಲ, ಆದರೆ ಋಣಿ. ದೋಷಿಯಾದವನು ತಲೆತಗ್ಗಿಸಬೇಕು, ಋಣಿಯಾದವನು ಸಲ್ಲಿಸಬೇಕು. ಎರಡೂ ಬೇರೆ ಬೇರೆಯಾದ ಭಾವಗಳು.

ಈ ಭೇದವನ್ನು ಜರ್ಮನಿಯ ಹಳೆಯ ಪಟ್ಟಣಗಳ ಉದಾಹರಣೆಯಿಂದಲೂ ತಿಳಿಯಬಹುದು. ಅಲ್ಲಿಯೂ ನದಿಕಣಿವೆಗಳ ಗುಡ್ಡಗಾಡಿನಲ್ಲಿ ಬೈಸಿಕಲ್ಲಿನ ಮೇಲೆ ದಿನವಿಡೀ ಸುತ್ತುವವರು ಬಹಳ. ನೆಕಾರ್ ನದಿಯ ಮೇಲಣ ಹೈಡಲ್‌ಬರ್ಗಿನ ಪಾಳುಕೋಟೆಯನ್ನು ನೋಡಿ ಕವಿಗಳು ಮೈಮರೆತರು. ಅದನ್ನು ಪಾಳುಗೆಡವಿದುದು 1689 ಮತ್ತು 1693ರಲ್ಲಿ ಬಂದ ಫ್ರೆಂಚರ ಸೇನೆ. ಟೌಬರ್ ನದಿಯ ಮೇಲಣ ರೋಟೆನ್‌ಬುರ್ಗ್ ಪಟ್ಟಣವು ತನ್ನ ಕೋಟೆಗೋಡೆ, ಕಲ್ಲುಬೀದಿ, ಮರದ ಚೌಕಟ್ಟಿನ ಮನೆಗಳಿಂದ ಲೋಕಪ್ರಸಿದ್ಧವಾಗಿರುವುದು. ಅಲ್ಲಿ ಯೆಹೂದ್ಯರ ಬೀದಿಯೆಂಬ ಹೆಸರಿನ ಬೀದಿಯುಂಟು. ಆದರೆ ಯೆಹೂದ್ಯರನ್ನು ಆ ಊರಿನಿಂದ 1520ರಲ್ಲಿಯೇ ಹೊರಹಾಕಿದರು. ಕಳೆದ ಶತಮಾನದಲ್ಲಿ ನಾಜಿಗಳ ಕೈಯಲ್ಲಿ ಆ ಜನಾಂಗಕ್ಕೆ ಆದ ಗತಿಯನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಯುದ್ಧಾನಂತರ ಹುಟ್ಟಿದ ಜರ್ಮನರು ಆ ಪಾಪದ ಕರ್ತೃಗಳಲ್ಲ. ಆದರೂ ಗುಂಟರ್ ಡೆಮ್‌ನಿಗ್ ಎಂಬ ಶಿಲ್ಪಿಯು 1992ರಲ್ಲಿ ಒಂದು ಕೆಲಸವನ್ನು ಪ್ರಾರಂಭಿಸಿದನು. ಸುಮಾರು 10 ಸೆಂಟಿಮೀಟರಿನ ಚೌಕದ ಹಿತ್ತಾಳೆಯ ತಗಡನ್ನು ಕಲ್ಲಿಗೆ ಹೊದಿಸಿ, ಅದರ ಮೇಲೆ ಹತನಾದ ಒಬ್ಬೊಬ್ಬನ ಹೆಸರನ್ನೂ ಹುಟ್ಟಿದ ವರ್ಷವನ್ನೂ ಕಂಡ ಗತಿಯನ್ನೂ ಕೊರೆದು, ಅವನು ಕಡೆಯದಾಗಿ ವಾಸವಾಗಿದ್ದ ಮನೆಯ ಮುಂದೆ ಬೀದಿಯಲ್ಲಿಯೇ ಹುಗಿಯುವುದು. ಎಡವುಗಲ್ಲುಗಳೆಂದೇ ಅವುಗಳ ಹೆಸರು. 2023ರ ಹೊತ್ತಿಗೆ ಇಂಥವು ಯುರೋಪಿನಲ್ಲಿ ಒಂದು ಲಕ್ಷವಾದುವು. ಚಕ್ರದ ಮೇಲೆ ಕುಳಿತವನಿಗೆ ಅವು ಮಿನುಗಿ ಮಾಯವಾಗುವುವು. ಇಳಿದು ಬಗ್ಗಿದವನಿಗೆ ಮಾತ್ರ ಅಕ್ಷರಗಳು ಕಾಣುವುವು. ಬಗ್ಗುವುದೆಂದರೆ ತಪ್ಪೊಪ್ಪಿಗೆಯಲ್ಲ; ಇಲ್ಲಿ ಒಬ್ಬನಿದ್ದನೆಂದು ಒಪ್ಪುವುದು.

ಹಾಗಾದರೆ ನೋಟದ ಋಣವನ್ನು ಸಲ್ಲಿಸುವ ವಿಧಾನವೇನು? ಋಷಿಋಣವು ಅಧ್ಯಯನದಿಂದ ತೀರುವುದೆಂಬ ಸಂಪ್ರದಾಯವು ಇಲ್ಲಿ ದಾರಿಯನ್ನು ತೋರಿಸುವುದು. ಮೊದಲನೆಯದು, ಕೇಳುವುದು. ಏರಿಯ ಮೇಲೆ ಕುರಿ ಕಾಯುವವನನ್ನೋ ತೂಬಿನ ಬಳಿಯಲ್ಲಿ ನಿಂತವನನ್ನೋ ಕಂಡು, "ಅಪ್ಪಾ, ಈ ಕೆರೆಯ ಕಥೆಯೇನು? ಆ ನೀರಗಂಟಿಯ ಹೆಸರೇನು?" ಎಂದು ಕೇಳುವುದು. ಇದಕ್ಕೆ ಬೈಸಿಕಲ್ಲಿನಿಂದ ಇಳಿಯಬೇಕು. ಇಳಿಯುವುದಕ್ಕೆ ಸಿದ್ಧನಲ್ಲದವನು ಎಷ್ಟು ದೂರ ಸುತ್ತಿದರೂ ದೇಶಾಟನವನ್ನು ಮಾಡಿದವನಲ್ಲ. ಎರಡನೆಯದು, ಕೇಳಿದುದನ್ನು ಹೇಳುವುದು. ಅಮೃತಾಪುರದ ದೇವಾಲಯವನ್ನು 1196ರಲ್ಲಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದನು. ಅಲ್ಲಿಯ ಶಾಸನಕ್ಕೆ ಪದ್ಯಗಳನ್ನು ರಚಿಸಿದವನು ಮಹಾಕವಿ ಜನ್ನ. ಶಿಲ್ಪಿ ಮಲ್ಲಿತಮ್ಮನ ಹೆಸರೂ ಉಳಿದಿರುವುದು. ದಂಡನಾಯಕನನ್ನು ಕಲ್ಲೂ ಕಾವ್ಯವೂ ಕಾಪಾಡಿದುವು. ನೀರಗಂಟಿಗೆ ಜನ್ನನಂಥ ಶಾಸನಕವಿ ಒದಗಲಿಲ್ಲ. ಅವನನ್ನು ಕಾಪಾಡಿದುದು ಕೂಲಿನಾಲಿಯವರ ನಾಲಗೆ. ನಾಲಗೆಯ ಶಾಸನವು ಹೇಳುವವರಿರುವವರೆಗೆ ಮಾತ್ರ ಬಾಳುವುದಾದುದರಿಂದ, ಕೇಳಿದವನು ಅದನ್ನು ಮುಂದಿನವನಿಗೆ ಮುಟ್ಟಿಸಲೇಬೇಕು.

ಅದೇ ದೇವಾಲಯದಲ್ಲಿ ಗಮನಿಸಬೇಕಾದ ಇನ್ನೊಂದು ವಿಶೇಷವುಂಟು. ತೆಂಕಣ ಗೋಡೆಯ 70 ಫಲಕಗಳಲ್ಲಿ ರಾಮಾಯಣವನ್ನು ಕೆತ್ತಿರುವರು. ಆದರೆ ಕಥೆಯು ಸಾಗುವುದು ಅಪ್ರದಕ್ಷಿಣವಾಗಿ. ಬಡಗಣ ಗೋಡೆಯಲ್ಲಿ ಕೃಷ್ಣನ ಕಥೆಯೂ ಮಹಾಭಾರತವೂ ಪ್ರದಕ್ಷಿಣವಾಗಿಯೇ ಸಾಗುವುವು. ರೂಢಿಯಂತೆ ಬಲಸುತ್ತು ಬಂದವನಿಗೆ ರಾಮನ ಕಥೆಯು ಹಿಂದುಮುಂದಾಗಿ ತೋರುವುದು. ಅದನ್ನು ಓದಬೇಕಾದರೆ ಅವನು ನಿಂತು, ತಿರುಗಿ, ಎದುರು ದಿಕ್ಕಿನಲ್ಲಿ ನಡೆಯಬೇಕು. ಶಿಲ್ಪಿಯ ಉದ್ದೇಶವೇನಿದ್ದಿತೋ, ನೋಡುವವನಿಗಂತೂ ಇದೊಂದು ಪಾಠ. ಕೆಲವು ಕಥೆಗಳು ನಡೆಯುತ್ತಿರುವ ದಿಕ್ಕಿನಲ್ಲಿಯೇ ನಡೆದವನಿಗೆ ತಿಳಿಯುವುದಿಲ್ಲ.

ಮೂರನೆಯದು, ಕಾಯುವುದು. ಇದೇ ಕಠಿನವಾದುದು. ಹೀಗೆಲ್ಲ ತಿಳಿದರೆ ನೋಟದ ಸುಖವು ಕೆಡದೆ ಎಂದು ಒಬ್ಬರು ಕೇಳಬಹುದು. ಕೆಡದು; ಕರುಣವೂ ರಸವೇ, ಭವಭೂತಿಯ ಮತದಲ್ಲಿ ಅದೇ ಮೂಲರಸ. ಕಥೆಯನ್ನು ಅರಿತವನ ಕಣ್ಣಿಗೆ ಅಯ್ಯನಕೆರೆಯು ಮೊದಲಿಗಿಂತ ಗಂಭೀರವಾಗಿ ಕಾಣುವುದು. ಆದರೆ ಅಪಾಯವಿರುವುದು ಇಲ್ಲಿಯೇ. ಮತ್ತೊಬ್ಬನ ಸಾವನ್ನು ರಸವಾಗಿ ಸವಿದು, ಕಣ್ಣೊರಸಿಕೊಂಡು, ಬುತ್ತಿ ಬಿಚ್ಚಿ ಉಂಡು, ಎಲೆಯನ್ನೂ ಬಾಟಲಿಯನ್ನೂ ನೀರಿಗೆ ಎಸೆದು ಹೊರಟವನು ನೀರಗಂಟಿಯನ್ನು ಎರಡು ಬಾರಿ ಉಪಯೋಗಿಸಿಕೊಂಡಂತಾಯಿತು: ಒಮ್ಮೆ ಅವನ ಕೆರೆಯನ್ನು, ಮತ್ತೊಮ್ಮೆ ಅವನ ಮರಣವನ್ನು. ಕೆರೆಯನ್ನು ಕೆಡಿಸದಿರುವುದು, ಹೂಳು ತೆಗೆಯುವ ಕಾಲದಲ್ಲಿ ಕೈಗೂಡಿಸುವುದು, ತೂಬನ್ನೂ ಸರದಿಯನ್ನೂ ಕಾಯುವ ಬಡವನಿಗೆ ಸಲ್ಲಬೇಕಾದ ಕೂಲಿ ಸಲ್ಲುವುದೆ ಎಂದು ವಿಚಾರಿಸುವುದು, ಇವು ಋಣವನ್ನು ಸಲ್ಲಿಸುವ ದಾರಿಗಳು. ಇವುಗಳಿಗಿಂತಲೂ ದೊಡ್ಡದು ಮತ್ತೊಂದುಂಟು. ನೀರಗಂಟಿಯು ಕೊಲೆಯಾದುದು ಎಚ್ಚರಿಕೆಯನ್ನು ತಂದುದಕ್ಕಾಗಿ. ಏರಿಯಲ್ಲಿ ಬಿರುಕು ಬಿಟ್ಟಿತೆಂದೋ, ಬೆಟ್ಟ ಕುಸಿಯುವುದೆಂದೋ, ಹಳ್ಳದ ನೀರು ಕೆಟ್ಟಿತೆಂದೋ ಓಡಿಬರುವ ಸಣ್ಣ ಮನುಷ್ಯನು ಎಲ್ಲ ಕಾಲದಲ್ಲಿಯೂ ಇರುವನು. ಅವನ ಬಾಯನ್ನು ಮುಚ್ಚಿಸಿ ನೆಮ್ಮದಿಯನ್ನು ಪಡೆಯಬಹುದೆಂದೆಣಿಸುವ ದೊರೆಯೂ ಎಲ್ಲ ಕಾಲದಲ್ಲಿಯೂ ಇರುವನು. ಕಥೆಯ ದೇವತೆಯು ಮಾತಿಗೆ ನಿಂತಳು. ಮಣ್ಣಿನ ಏರಿಯು ಯಾರಿಗೂ ಮಾತು ಕೊಟ್ಟಿಲ್ಲ.

ಆದುದರಿಂದ ಸಿದ್ಧಾಂತವಿದು. ಸುಂದರವಾದುದನ್ನು ನೋಡಿ ಸಂತೋಷಿಸುವುದು ದೋಷವಲ್ಲ. ಆ ಸಂತೋಷವು ಬಿಟ್ಟಿಯಾಗಿ ಬಂದಿತೆಂದು ತಿಳಿಯುವುದು ದೋಷ. ಹಿಂದಿನವರ ಪಾಪವು ನೋಡುವವನದಲ್ಲ. ಹಿಂದಿನವರ ನೋವಿನಿಂದ ಉಳಿದುದು ಅವನ ಕೈಗೆ ಬಂದ ನ್ಯಾಸ. ನ್ಯಾಸವನ್ನು ಪಡೆದವನು ಒಡೆಯನ ಹೆಸರನ್ನು ಕೇಳಿ ತಿಳಿಯಬೇಕು, ಅದನ್ನು ಮರೆಯದಂತೆ ಹೇಳುತ್ತಿರಬೇಕು, ವಸ್ತುವನ್ನು ಕುಂದದಂತೆ ಮುಂದಿನವರಿಗೆ ಒಪ್ಪಿಸಬೇಕು. ಇಂದು ಎಚ್ಚರಿಕೆಯನ್ನು ಹೊತ್ತು ಓಡಿಬರುವ ನೀರಗಂಟಿಯನ್ನು ಕೂರಿಸಿ, ನೀರು ಕೊಟ್ಟು, ಅವನ ಮಾತನ್ನು ಕಡೆಯವರೆಗೆ ಕೇಳಿ, ಅವನನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವ ಊರೇ ಅಯ್ಯನಕೆರೆಯ ಋಣವನ್ನು ತೀರಿಸಿದ ಊರು.